ಕಲೆಕ್ಟರ ಸಮಿತಿಯಲ್ಲಿ ನಮ್ಮಂಥವರಿಗೂ ಜಾಗ



ಟೀ ಅಂಗಡಿಯಲ್ಲಿ ಜಾತಿ ನೋಡಿ ಬೇರೆ ಲೋಟ ಇಡುವುದು, ದೇವಸ್ಥಾನದ ಬಾಗಿಲಲ್ಲಿ ತಡೆಯುವುದು ಅಪರಾಧ ಎಂದು ನಿಮಗೆ ಗೊತ್ತು. ಅದಕ್ಕೆ ಪೊಲೀಸ್ ಠಾಣೆ ಇದೆ, ಕೋರ್ಟು ಇದೆ. ಇವೆರಡರ ಜೊತೆಗೆ ಇನ್ನೊಂದು ಏರ್ಪಾಡೂ ಇದೆ. ಸರ್ಕಾರಿ ನೌಕರರಲ್ಲದ ಸಾಧಾರಣ ಜನ ಕೂಡ ಅದರಲ್ಲಿ ಕೂರಬಹುದು. ಇದನ್ನು ಬಲ್ಲವರು ನಮ್ಮ ಕಡೆ ಕಡಿಮೆ.

ಇಂಥ ಸಮಿತಿಗಳು ನಮ್ಮ ದೇಶದಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1943ರಲ್ಲಿ ಕರಿಯರು ವಾಸಿಸುವ ಹಾರ್ಲೆಮ್ ಭಾಗದಲ್ಲಿ ಗಲಭೆಯಾಯಿತು. ಮರುವರ್ಷ ಅಲ್ಲಿನ ಮೇಯರ್ ಲಾ ಗಾರ್ಡಿಯಾ ಐಕ್ಯತಾ ಸಮಿತಿಯೊಂದನ್ನು ಮಾಡಿದರು. ಅದೇ ಬೆಳೆದು ಇಂದು ಆ ನಗರದ ಮಾನವ ಹಕ್ಕುಗಳ ಆಯೋಗವಾಗಿದೆ.

ನಮ್ಮಲ್ಲಿ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ಅದರ 17ನೇ ನಿಯಮದಂತೆ ಪ್ರತಿ ಜಿಲ್ಲೆಗೂ ಒಂದು ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು. ಕಲೆಕ್ಟರೇ ಅಧ್ಯಕ್ಷರು. ಎಂ.ಪಿ., ಎಂ.ಎಲ್.ಎ., ಪೊಲೀಸ್ ಸೂಪರಿಂಟೆಂಡೆಂಟ್ ಸದಸ್ಯರು. ಅವರ ಜೊತೆಗೆ ಪರಿಶಿಷ್ಟರಿಂದ ಐವರವರೆಗೆ ಅಧಿಕಾರಿಗಳಲ್ಲದವರು, ಸೇವಾಸಂಸ್ಥೆಗಳ ಸಂಪರ್ಕವಿರುವ ಇತರರಿಂದ ಮೂವರವರೆಗೆ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಉಪವಿಭಾಗ ಮಟ್ಟದಲ್ಲೂ ಇಂಥದೇ ಸಮಿತಿ ಇರಬೇಕೆಂದು ಆಮೇಲೆ ಸೇರಿಸಿದ್ದಾರೆ. ನಮಗೆ ಈರೋಡಿಗಿಂತ ಗೋಬಿ ಹತ್ತಿರ ತಾನೇ. ಹತ್ತಿರವೆಂದರೂ ದಿಂಬಂನ 27 ತಿರುವು ಇಳಿಯಲೇಬೇಕು!

ಈ ಸಮಿತಿ ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಹಾಗಾದರೆ ಏನು ಪ್ರಯೋಜನ ಎನ್ನುತ್ತೀರಿ. ಬ್ಯಾಂಕಿಗೆ ಆಡಿಟ್ ಬಂದಾಗ ಆಡಿಟರ್ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಆದರೂ ಹಿಂದಿನ ರಾತ್ರಿಯೇ ಲೆಡ್ಜರುಗಳೆಲ್ಲ ಸರಿಹೋಗುತ್ತವೆ. ಇದೂ ಹಾಗೆಯೇ. ದೌರ್ಜನ್ಯದ ಕೇಸಿನಲ್ಲಿ ಅರುವತ್ತು ದಿನದೊಳಗೆ ಚಾರ್ಜ್‌ಶೀಟ್ ಆಗಬೇಕು. ಯಾಕೆ ಆಗಿಲ್ಲ, ಪರಿಹಾರದ ಹಣ ಯಾವ ಮೇಜಿನ ಮೇಲೆ ನಿಂತಿದೆ ಎಂದು ಕಲೆಕ್ಟರ ಎದುರಿಗೇ ಒಬ್ಬ ಸದಸ್ಯ ಕೇಳಿದರೆ ಪೊಲೀಸರು ಉತ್ತರ ಕೊಡಬೇಕಾಗುತ್ತದೆ. ಸದಸ್ಯ ಬಾಯಿ ಬಿಡದೆ ಕಾಫಿ ಕುಡಿದು ಎದ್ದು ಬಂದರೆ ಸಮಿತಿ ಇದ್ದೂ ಇಲ್ಲದಂತೆ. ಆದ್ದರಿಂದ ನಮ್ಮ ಮಲೆಯ ಕಡೆಯಿಂದ ಯಾರಿದ್ದಾರೆಂದು ವಿಚಾರಿಸಿ. ಯಾರೂ ಇಲ್ಲವಾದರೆ ಒಬ್ಬರನ್ನು ಸೇರಿಸಿರೆಂದು ಕಲೆಕ್ಟರಿಗೆ ಬರೆಯಿರಿ.

ಇನ್ನು ಗಡಿಯ ನಮಗೇ ವಿಶೇಷವಾದ ವಿಷಯ. ನಮ್ಮ ಮನೆಮಾತು ಕನ್ನಡ, ಠಾಣೆಯ ಬರಹ ತಮಿಳು. ಮಾತಾಡುವ ತಮಿಳು ನಮಗೆಲ್ಲ ಬರುತ್ತದೆ, ಓದುವುದು ಹಿರಿಯರಲ್ಲಿ ಎಷ್ಟೋ ಜನಕ್ಕೆ ಬಾರದು. ನಾನು ಬ್ಯಾಂಕಿನ ಕೌಂಟರಿನಲ್ಲಿ ಇದ್ದಷ್ಟು ವರ್ಷವೂ, ಕಾಗದದಲ್ಲಿ ಏನಿದೆ ಎಂದು ಕೇಳಿದವರಿಗಿಂತ "ಎಲ್ಲಿ ಒತ್ತಬೇಕು ಸ್ವಾಮಿ?" ಎಂದು ಹೆಬ್ಬೆಟ್ಟು ಮುಂದೆ ಮಾಡಿದವರೇ ಹೆಚ್ಚು. ಸಾಲದ ಕಾಗದದಲ್ಲಿ ಅದರಿಂದ ಹಣ ಹೋಗಬಹುದು. ದೂರಿನಲ್ಲಿ ಕೇಸೇ ಹೋಗುತ್ತದೆ. ಬೈದವನ ಹೆಸರೋ, ಬೈದ ಮಾತೋ ಬಿಟ್ಟುಹೋಗಿದ್ದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಈ ಕಾಯ್ದೆಗೆ 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ದಾರಿ ಮಾಡಿದೆ. ನೀವು ಬಾಯಲ್ಲಿ ಹೇಳಿ ಅಧಿಕಾರಿ ಬರೆದುಕೊಂಡದ್ದನ್ನು ಸಹಿಗೆ ಮುಂಚೆ ನಿಮಗೆ ಓದಿ ಹೇಳಬೇಕು, ಆಮೇಲೆ ಒಂದು ಪ್ರತಿಯನ್ನು ಕೂಡಲೇ ಕೊಡಬೇಕು. ಇದು ಅವರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ. ಸಂಕೋಚಪಡದೆ ನಿಧಾನವಾಗಿ ಓದಿಸಿ ಕೇಳಿ. ತಮಿಳು ಓದಬಲ್ಲ ಶಾಲೆಯ ಮಕ್ಕಳು ಮನೆಯಲ್ಲಿದ್ದರೆ ಪ್ರತಿಯನ್ನು ಅವರಿಂದ ಮತ್ತೊಮ್ಮೆ ಓದಿಸಿ.

ಕಲೆಕ್ಟರಿಗೆ ಕೊಡುವ ಮನುವನ್ನು ಕನ್ನಡದಲ್ಲೇ ಬರೆಯಬಹುದು. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಬೇಗ ಓದಲೆಂದು ಜೊತೆಗೆ ತಮಿಳು ಪ್ರತಿ ಇಟ್ಟರೆ ಒಳ್ಳೆಯದು. ತಾರೀಖು, ಜಾಗ, ನೋಡಿದವರ ಹೆಸರು ಬರೆಯಿರಿ. ಅಂಚೆಯಲ್ಲಿ ಕಳಿಸಿದರೆ ರಸೀದಿ ಜೋಪಾನ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ 14566ಕ್ಕೆ ಫೋನ್ ಮಾಡಿ. 2021ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ ಇದು, ಕಾಸು ಬೇಡ.