ಕನ್ನಡ ಕತೆಗೆ ಅರ್ಜಿಯಲ್ಲಿ 150 ಅಕ್ಷರಗಳ ಜಾಗ

ರಾಯಾಪುರ: ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿರುವ ಈ ಊರಿನ ಪಿಯುಸಿ ವಿದ್ಯಾರ್ಥಿಗೆ ಮುಂದಿನ ಓದಿಗೆ ಜಾಗದ ಕೊರತೆಯಿಲ್ಲ. ಒಂದು ದಿಕ್ಕಿಗೆ ವಿದ್ಯಾನಗರದ ಕಾಲೇಜುಗಳು, ಇನ್ನೊಂದು ದಿಕ್ಕಿಗೆ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಧಾರವಾಡದ ಹೊರವಲಯದಲ್ಲಿ ಐಐಟಿ. ಆದರೆ ಪ್ರವೇಶದ ವೇಳೆ 'ನೀನು ಏನು ಬರೆದಿದ್ದೀಯ?' ಎಂದು ಕೇಳುವ ಪದ್ಧತಿ ಇಲ್ಲಿಲ್ಲ. ಸಾಮಾನ್ಯ ಪದವಿಗೆ ಪಿಯುಸಿ ಅಂಕ, ಎಂಜಿನಿಯರಿಂಗಿಗೆ ಸಿಇಟಿ ಮತ್ತು ಪಿಯುಸಿ ಅಂಕಗಳ ಸಮಪಾಲು, ಐಐಟಿಗೆ ಜೆಇಇ. ಸಿಇಟಿ ವ್ಯವಸ್ಥೆಯಲ್ಲಿ ಕನ್ನಡದ ಪರೀಕ್ಷೆ ಇರುವುದು ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮೀಸಲು ಕೋರುವವರಿಗೆ ಮಾತ್ರ!

ಹೀಗಾಗಿ ಕತೆ, ಕವಿತೆ ಬರೆಯುವ ಮಕ್ಕಳ ನೋಟುಬುಕ್ಕು ಪಠ್ಯಪುಸ್ತಕದ ಅಡಿ ಸೇರುತ್ತದೆ. ಪಾಲಕರನ್ನು ದೂರುವಂತಿಲ್ಲ, ಸೀಟು ಕೊಡುವುದು ಅಂಕವೇ. ಆದರೆ ಎಲ್ಲ ಬಾಗಿಲುಗಳೂ ಹಾಗಿಲ್ಲ ಎಂಬುದು ಹಲವರಿಗೆ ತಿಳಿಯುವ ಹೊತ್ತಿಗೆ ಅರ್ಜಿಯ ದಿನಾಂಕ ಮುಗಿದಿರುತ್ತದೆ.

ಭಾರತದಲ್ಲಿ ಅಶೋಕ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಗಳು ಪ್ರಬಂಧ ಕೇಳುತ್ತವೆ, ಸಂದರ್ಶನ ನಡೆಸುತ್ತವೆ. ಬ್ರಿಟನ್ನಿನ ಅರ್ಜಿಯಲ್ಲಿ ವೈಯಕ್ತಿಕ ಹೇಳಿಕೆಗೆ ಒಟ್ಟು 4,000 ಅಕ್ಷರಗಳ ಮಿತಿಯಿದೆ. ಅಲ್ಲಿ ಆಯ್ದ ವಿಷಯಕ್ಕೆ ಸಂಬಂಧಿಸಿದ ಮಾತಿಗಷ್ಟೇ ಬೆಲೆ. ಭೌತಶಾಸ್ತ್ರಕ್ಕೆ ಅರ್ಜಿ ಹಾಕುವವನ ಕವನಗಳು ಅವರಿಗೆ ಮುಖ್ಯವಾಗುವುದಿಲ್ಲ. ವಿದ್ಯಾರ್ಥಿಯ ಸ್ವಂತ ಬರವಣಿಗೆಗೆ ಹೆಚ್ಚು ಅವಕಾಶವಿರುವುದು ಅಮೆರಿಕದ ಪದವಿ ಕಾಲೇಜುಗಳಲ್ಲಿ. ಅಲ್ಲಿಯ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಬಳಸುವ 'ಕಾಮನ್ ಅಪ್ಲಿಕೇಶನ್' ಎಂಬ ಸಾಮಾನ್ಯ ಅರ್ಜಿಯಲ್ಲಿ 650 ಪದಗಳ ಪ್ರಬಂಧವೊಂದು, ಹತ್ತು ಚಟುವಟಿಕೆಗಳ ಪಟ್ಟಿಯೊಂದು ಇರುತ್ತವೆ. ಪ್ರತಿ ಚಟುವಟಿಕೆಯ ವಿವರಣೆಗೆ ಸಿಗುವ ಜಾಗ, ಖಾಲಿ ಸ್ಥಳವೂ ಸೇರಿ, 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನೂ ತುಂಬಬೇಕು. 'ಪ್ರಕಟವಾಗಿದೆಯೇ?' ಎಂಬುದು ಷರತ್ತಲ್ಲ.

ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. 'ಸಾಹಿತ್ಯದಲ್ಲಿ ಅಪಾರ ಆಸಕ್ತಿ, ಹಲವು ಕತೆಗಳನ್ನು ರಚಿಸಿದ್ದೇನೆ' ಎಂಬ ವಾಕ್ಯ ಯಾರದ್ದೂ ಆಗಬಹುದು. ಅದರ ಬದಲು 'ಮೂರು ವರ್ಷಗಳಲ್ಲಿ 14 ಕನ್ನಡ ಕತೆ. ಸಂಭಾಷಣೆ ಅಜ್ಜಿಯ ಧಾರವಾಡ ಕನ್ನಡದಲ್ಲಿ. ಆರನ್ನು ನಾನೇ ಇಂಗ್ಲಿಷಿಗೆ ತಂದೆ. ಎರಡು ಕಾಲೇಜು ಸಂಚಿಕೆಯಲ್ಲಿ' ಎಂದರೆ ಓದುವ ಅಧಿಕಾರಿಯ ಎದುರು ಒಬ್ಬ ವ್ಯಕ್ತಿ ನಿಲ್ಲುತ್ತಾನೆ. ಅರ್ಜಿ ಇಂಗ್ಲಿಷಿನಲ್ಲಿಯೇ ಇರಬೇಕು, ನಿಜ. ಆದರೆ ಬರೆದದ್ದು ಕನ್ನಡದಲ್ಲಿ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಎರಡು ಭಾಷೆಗಳ ನಡುವೆ ಓಡಾಡುವ ಶ್ರಮವೇ ಹೇಳಿಕೊಳ್ಳತಕ್ಕ ಸಂಗತಿ. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲಂತೂ, ಕನ್ನಡವೆಂದರೆ ಯಾವ ಭಾಷೆ ಎಂದು ಮೊದಲಿನಿಂದ ವಿವರಿಸುವ ಪ್ರಮೇಯ ಕಡಿಮೆಯಾಗಿರಬೇಕು.

ಬರೆದ ಕತೆಯನ್ನೇ ಕಳಿಸಬಹುದೆ? ಪ್ರಿನ್ಸ್‌ಟನ್‌ನಂಥ ಕೆಲವು ವಿಶ್ವವಿದ್ಯಾಲಯಗಳು ಸೃಜನಶೀಲ ಬರವಣಿಗೆಯ ಮಾದರಿಯನ್ನು ಪ್ರತ್ಯೇಕವಾಗಿ ಸ್ವೀಕರಿಸುತ್ತವೆ. ಹಲವು ಸಂಸ್ಥೆಗಳು ಸ್ವೀಕರಿಸುವುದಿಲ್ಲ. ಕೇಳದವರಿಗೆ ಕಾದಂಬರಿಯ ಹಸ್ತಪ್ರತಿ ಕಳಿಸಿದರೆ ಅದನ್ನು ಓದುವವರಿರುವುದಿಲ್ಲ. ಹಣ ಪಡೆದು ಕವನ ಸಂಕಲನದಲ್ಲಿ ಹೆಸರು ಸೇರಿಸುವವರಿಂದಲೂ ದೂರವಿರುವುದು ಒಳಿತು. ಅಂಥ 'ಪ್ರಕಟಣೆ'ಗಿಂತ ಅಪ್ರಕಟಿತವಾದ ಒಳ್ಳೆಯ ಕತೆ ಮೇಲು. ಇನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿ ಸ್ವಂತದ್ದೆಂದು ಸಲ್ಲಿಸುವುದನ್ನು ಕಾಮನ್ ಅಪ್ಲಿಕೇಶನ್ ವಂಚನೆಯೆಂದೇ ಪರಿಗಣಿಸುತ್ತದೆ.

ಈ ನೆಲದಿಂದಲೇ ಹೊರದೇಶಕ್ಕೆ ಓದಲು ಹೋದ ಒಬ್ಬರ ಪ್ರಸಂಗ ಇಲ್ಲಿ ನೆನಪಾಗುವುದು ಸಹಜ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಪಡೆದದ್ದು ಗಣಿತ, ಸಂಖ್ಯಾಶಾಸ್ತ್ರದಲ್ಲಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಇಂಗ್ಲಿಷ್ ಕವಿಯಾಗುವ ಕನಸು ಕಂಡಿದ್ದ ಅವರು ಪ್ರಯಾಣದ ಸಿದ್ಧತೆಯ ನಡುವೆ ಬರೆದದ್ದು ಕನ್ನಡ ನಾಟಕ, 'ಯಯಾತಿ'. ಅವರು ಆಕ್ಸ್‌ಫರ್ಡಿನಲ್ಲಿದ್ದಾಗಲೇ, 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ವಿದ್ಯಾರ್ಥಿವೇತನ ಕೈಗೆ ಬಂದ ಮೇಲೆ ಹುಟ್ಟಿದ ಆ ನಾಟಕ ಯಾವ ಅರ್ಜಿಯಲ್ಲೂ ಸೇರಿರಲಿಲ್ಲ. ಅರ್ಜಿಗಾಗಿಯೇ ಕತೆ ಬರೆಯಲು ಕೂರುವವರು ಇದನ್ನು ಗಮನಿಸಬೇಕು. ಅರ್ಜಿಯಲ್ಲಿ ಹೇಳಲು ಸಾಧ್ಯವಿರುವುದು ಮೊದಲೇ ನಡೆದುಬಂದ ಅಭ್ಯಾಸವನ್ನು ಮಾತ್ರ.

ಆ ಅಭ್ಯಾಸಕ್ಕೆ ಸಾಕ್ಷಿಯೂ ಬೇಕು. ಶಿಫಾರಸು ಪತ್ರಕ್ಕೆ ಗಣಿತ, ವಿಜ್ಞಾನ ಉಪನ್ಯಾಸಕರನ್ನಷ್ಟೇ ಹುಡುಕುವುದು ವಾಡಿಕೆ. ಕತೆಯ ಮೂರು ಕರಡುಗಳನ್ನು ಓದಿ ತಿದ್ದಿದ ಕನ್ನಡ ಉಪನ್ಯಾಸಕರಿದ್ದರೆ, ಹೆಚ್ಚುವರಿ ಪತ್ರಕ್ಕೆ ಅವಕಾಶ ನೀಡುವ ಸಂಸ್ಥೆಗೆ ಅವರಿಂದಲೂ ಬರೆಸಬಹುದು. ಕನ್ನಡದಲ್ಲಿ ಬರೆದುಕೊಟ್ಟರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು.

ಕಾಲದ ಲೆಕ್ಕವೂ ಬೇರೆ. ಅಮೆರಿಕದ ಅರ್ಜಿಗಳ ಕೊನೆಯ ದಿನ ಬಹುತೇಕ ನವೆಂಬರ್ ಆರಂಭ ಅಥವಾ ಜನವರಿ ಆರಂಭ. ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಗೂ ಮೊದಲು. ಕತೆಗಳನ್ನು ತಿದ್ದಿ ಅನುವಾದಿಸಲು ಸಿಗುವುದು ಪ್ರಥಮ ಪಿಯುಸಿ ಮುಗಿದ ಏಪ್ರಿಲ್, ಮೇ ತಿಂಗಳ ರಜೆ. ಹೆಚ್ಚಿನ ಮನೆಗಳಲ್ಲಿ ಆ ರಜೆಯನ್ನು ಸಿಇಟಿ ತರಬೇತಿಗೆ ಮೊದಲೇ ಬರೆದುಕೊಟ್ಟಾಗಿರುತ್ತದೆ.