ಶ್ಮಿಟ್ ಯಾರು? ಓಜ ಯಾರು?

ಸೆಕೆಂಡ್ ಇಯರ್‌ಗೆ ಬಂದ ಮೇಲೆ ನಮಗೆ ಎಲ್ಲಿ ನೋಡಿದರೂ ಶ್ಮಿಟ್. ಮ್ಯಾಥ್ಸ್‌ನಲ್ಲಿ ಗ್ರಾಮ್-ಶ್ಮಿಟ್ ವಿಧಾನ, ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಶ್ಮಿಟ್ ಟ್ರಿಗರ್, ಕೆಮಿಕಲ್ ಬ್ರಾಂಚಿನ ಗೆಳೆಯರಿಗೆ ಶ್ಮಿಟ್ ಸಂಖ್ಯೆ. ಪಾಪ, ಇಷ್ಟೆಲ್ಲಾ ಒಬ್ಬನೇ ಮಾಡಿದನಾ ಅಂತ ನಾವು ಅಂದುಕೊಂಡಿದ್ದೆವು.

ಹುಡುಕಿದರೆ ಮೂವರೂ ಬೇರೆ ಬೇರೆ. ಮೊದಲನೆಯವರು ಗಣಿತಜ್ಞ ಎರ್ಹಾರ್ಡ್ ಶ್ಮಿಟ್. ಟ್ರಿಗರ್ ಅಮೆರಿಕದ ಒಟ್ಟೊ ಶ್ಮಿಟ್ ಅವರದ್ದು. 1934ರಲ್ಲಿ ಅದನ್ನು ರೂಪಿಸಿದಾಗ ಅವರು ಇನ್ನೂ ವಿದ್ಯಾರ್ಥಿ! ಹೆಸರಿನ ಸ್ಪೆಲ್ಲಿಂಗ್ ಸ್ವಲ್ಪ ಬೇರೆ, ಮೂಲ ಒಂದೇ. ಸಂಖ್ಯೆ ಎಂಜಿನಿಯರ್ ಎರ್ನ್ಸ್ಟ್ ಶ್ಮಿಟ್ ಅವರದ್ದು. ಇವರಲ್ಲದೆ, ಒಂದು ಕೈ ಕಳೆದುಕೊಂಡಿದ್ದರೂ ಗಾಜು ಉಜ್ಜಿ 1930ರಲ್ಲಿ ಹೊಸ ಬಗೆಯ ದೂರದರ್ಶಕ ಕಟ್ಟಿದ ಬರ್ನ್‌ಹಾರ್ಡ್ ಶ್ಮಿಟ್ ಇದ್ದಾರೆ. 1974ರಿಂದ 1982ರವರೆಗೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ಹೆಲ್ಮುಟ್ ಶ್ಮಿಟ್ ಇದ್ದಾರೆ.

ಇವರನ್ನೆಲ್ಲ ಒಂದು ಮಾಡೋದು ನೆಂಟಸ್ತಿಕೆ ಅಲ್ಲ, ಕಸುಬು. ಶ್ಮಿಟ್ ಅಂದರೆ ಕಮ್ಮಾರ. ಊರೂರಿಗೂ ಕಮ್ಮಾರ ಬೇಕಿತ್ತು, ಹಾಗಾಗಿ ಊರೂರಲ್ಲೂ ಆ ಹೆಸರು ಉಳಿಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ ಅನ್ನೋ ಅಡ್ಡಹೆಸರುಗಳು ಇರೋದೂ ಹೀಗೇ.

ಇದೇ ಗುಂಗಿನಲ್ಲಿ ನಾವು ಬೇಲೂರಿಗೆ ಹೋದೆವು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ. ಇನ್ನೊಬ್ಬ ನಾಗೋಜ. ನಾಲ್ಕು ಮದನಿಕೆಯರು ದಾಸೋಜನ ಕೆಲಸ, ಐದು ಚಾವಣನದ್ದು ಅಂತ ಹೇಳುತ್ತಾರೆ. ಮಗ ಒಂದು ಕೈ ಮುಂದೆ!

ದಾಸೋಜ, ನಾಗೋಜ ಎರಡರಲ್ಲೂ ಇರುವ 'ಓಜ' ಏನು? ಹಳಗನ್ನಡದಲ್ಲಿ ಓಜ ಅಂದರೆ ಗುರು. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದ ಬಾಯಲ್ಲಿ ಸವೆದು ಸವೆದು ಓಜ ಆಯಿತು. ಆಚಾರ್ಯ ಆಚಾರಿ ಆದ ಹಾಗೆ. ಜರ್ಮನರ ಹೆಸರು ಆ ಮನುಷ್ಯ ಏನು ಮಾಡುತ್ತಾನೆ ಅಂತ ಹೇಳಿತು. ನಮ್ಮವರ ಹೆಸರು ಅವನು ಕಲಿಸಬಲ್ಲವನು ಅಂತಲೂ ಹೇಳಿತು. ಉಳಿ ಹಿಡಿದವನನ್ನೂ ಪಾಠ ಹೇಳಿದವನನ್ನೂ ಒಂದೇ ಮಾತಿನಿಂದ ಕರೆದ ಕಾಲ ಅದು.

ಇದನ್ನು ಯಾಕೆ ಬರೆಯುತ್ತಿದ್ದೇವೆ ಅಂದರೆ, ನಮ್ಮ ಜೊತೆ ಬಂದಿದ್ದ ಒಬ್ಬ ಗೆಳೆಯನ ಹೆಸರಿನ ಕೊನೆಯಲ್ಲಿ 'ಆಚಾರ್' ಇದೆ. ಅವರಪ್ಪ ಮರಗೆಲಸದವರು. ಕಾಲೇಜಿಗೆ ಸೇರಿದಾಗಿನಿಂದ ಅವನು ಅದನ್ನು ಎಲ್ಲೂ ಬರೆಯುತ್ತಿರಲಿಲ್ಲ. ಕೇಳಿದವರಿಗೆ ಬರೀ ಇನಿಷಿಯಲ್ ಹೇಳುತ್ತಿದ್ದ. ನಾವೂ ಒಂದೆರಡು ಸಲ ತಮಾಷೆ ಮಾಡಿದ್ದೆವು, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಬೇಲೂರಿಂದ ಬರುವಾಗ ಬಸ್ಸಿನಲ್ಲಿ ಅವನೇ ಮಾತು ತೆಗೆದ. "ಶ್ಮಿಟ್ ಹೆಸರು ಟೆಕ್ಸ್ಟ್‌ಬುಕ್ಕಲ್ಲಿದ್ರೆ ಬಾಯಿಪಾಠ ಮಾಡ್ತೀರ, ಅದೂ ಕಮ್ಮಾರನೇ ತಾನೇ?" ಅಂದ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈ ಸೆಮಿಸ್ಟರಿನ ಅವನ ಲ್ಯಾಬ್ ರೆಕಾರ್ಡ್ ಮೇಲೆ ಪೂರ್ತಿ ಹೆಸರಿದೆ.