ಆರ್ಥಿಕ ದಿಗ್ಬಂಧನ: ಹೊಡೆತ ಬೀಳುವುದು ಯಾರಿಗೆ?

ಧಾರವಾಡದಿಂದ ಅಳ್ನಾವರದತ್ತ ಸಾಗುವ ರೈಲು ಮಾರ್ಗದಲ್ಲಿರುವ ಮುಗದ, ಭತ್ತದ ಊರು. ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿದೆ. ‘ಮುಗದ ಸುಗಂಧ’ ಎಂಬ ಪರಿಮಳದ ತಳಿಯ ಹೆಸರೂ ಈ ಊರಿನದೇ. ಇರಾನಿನವರು ಭಾರತದಿಂದ ಕೊಳ್ಳುವುದು ಉತ್ತರದ ಬಾಸ್ಮತಿಯನ್ನೇ ಹೊರತು ಈ ಭಾಗದ ಅಕ್ಕಿಯನ್ನಲ್ಲ. ಆದರೂ ವ್ಯಾಪಾರದ ಸೂತ್ರ ಎರಡೂ ಕಡೆ ಒಂದೇ. ಮಾಲು ಕಳುಹಿಸುವುದು ಅರ್ಧ ವ್ಯಾಪಾರ, ಹಣ ಕೈಸೇರಿದಾಗಲೇ ಅದು ಪೂರ್ಣ. ಮುಗದದ ಭತ್ತ ಧಾರವಾಡದ ಅಡತಿ ಅಂಗಡಿಗೆ ಬಂದ ಮೇಲೆ ರೈತನಿಗೆ ಹಣ ತಲುಪುವ ದಾರಿಯನ್ನೇ ಮೂರನೆಯವರು ಮುಚ್ಚಿದರೆ ಏನಾದೀತು? ಇಂದಿನ ಆರ್ಥಿಕ ದಿಗ್ಬಂಧನವು ಬಹುಮಟ್ಟಿಗೆ ಮಾಡುವುದು ಇದನ್ನೇ.

ಇರಾನಿನ ಮೇಲೆ ಅಮೆರಿಕ ಹೇರಿದ ನಿರ್ಬಂಧಗಳಲ್ಲಿ ಆಹಾರ ಮತ್ತು ಔಷಧಿಗೆ ವಿನಾಯಿತಿ ಉಂಟು. ಆದರೆ ಅದು ಕಾಗದದ ಮೇಲಿನ ಮಾತು. ದಂಡದ ಭಯದಿಂದ ಬ್ಯಾಂಕುಗಳು ಎಲ್.ಸಿ. ತೆರೆಯಲು ಒಪ್ಪವು, ವಿಮಾ ಕಂಪನಿಗಳು ಹಡಗಿಗೆ ವಿಮೆ ನೀಡವು. ಹಣ ಪಾವತಿಯ ಈ ತೊಡಕು ಕರ್ನಾಟಕದ ಕರಾವಳಿಗೂ ತಟ್ಟಿತ್ತು. ಮಂಗಳೂರಿನ ಎಂ.ಆರ್.ಪಿ.ಎಲ್. ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಗಳಲ್ಲೊಂದಾಗಿತ್ತು. 2012ರಲ್ಲಿ ರೂಪುಗೊಂಡ ಏರ್ಪಾಡಿನಂತೆ ತೈಲದ ಬೆಲೆಯಲ್ಲಿ ಶೇ. 45ರಷ್ಟನ್ನು ರೂಪಾಯಿಯಲ್ಲೇ ಯೂಕೋ ಬ್ಯಾಂಕಿಗೆ ಸಂದಾಯ ಮಾಡಲಾಗುತ್ತಿತ್ತು. ಆ ರೂಪಾಯಿಯಿಂದ ಇರಾನು ಭಾರತದ ಅಕ್ಕಿ, ಔಷಧಿಗಳನ್ನು ಕೊಳ್ಳುತ್ತಿತ್ತು. ಹೀಗೆ ಮಂಗಳೂರಿನಲ್ಲಿ ಇಳಿದ ತೈಲಕ್ಕೂ ಹರಿಯಾಣದ ಅಕ್ಕಿ ಗಿರಣಿಗೂ ಲೆಕ್ಕದ ನಂಟು ಬೆಳೆಯಿತು.

2018ರ ಮೇ ತಿಂಗಳಲ್ಲಿ ಅಮೆರಿಕ ಅಣು ಒಪ್ಪಂದದಿಂದ ಹಿಂದೆ ಸರಿಯಿತು. ಭಾರತಕ್ಕಿದ್ದ ತಾತ್ಕಾಲಿಕ ರಿಯಾಯಿತಿ 2019ರ ಮೇನಲ್ಲಿ ಮುಗಿದು ತೈಲದ ಖರೀದಿ ನಿಂತಿತು. ರೂಪಾಯಿಯ ಖಾತೆಗೆ ಹೊಸ ಹಣ ಬಾರದೆ ಇದ್ದ ಹಣ ಕರಗತೊಡಗಿತು. 2018-19ರಲ್ಲಿ 14 ಲಕ್ಷ ಟನ್ನಿಗೂ ಮಿಕ್ಕಿದ್ದ ಬಾಸ್ಮತಿ ರಫ್ತು 2020-21ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿಯಿತು.

ಇರಾನಿನ ಒಳಗೆ ಆದುದೇನು? ಹಣದುಬ್ಬರ ಶೇ. 40ರ ಆಸುಪಾಸಿಗೆ ಏರಿ, ಸಂಬಳದವರ ಮತ್ತು ಪಿಂಚಣಿದಾರರ ಉಳಿತಾಯ ಕರಗಿತು. ಚರ್ಮ ಕಿತ್ತುಬರುವ ಅಪರೂಪದ ಕಾಯಿಲೆಯ ಮಕ್ಕಳ ಗಾಯಕ್ಕೆ ಸುತ್ತುವ ವಿಶೇಷ ಪಟ್ಟಿಯನ್ನು ಯುರೋಪಿನ ತಯಾರಕರು ಕಳುಹಿಸದಾದರು. ಅದನ್ನು ಮಾರಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ. ಇತ್ತ ಸರ್ಕಾರ 2018ರ ಏಪ್ರಿಲ್‌ನಲ್ಲಿ ಡಾಲರಿಗೆ 42,000 ರಿಯಾಲ್ ಎಂದು ನಿಗದಿಪಡಿಸಿತು. ಬಯಲು ಮಾರುಕಟ್ಟೆಯಲ್ಲಿ ಕೆಲವೇ ತಿಂಗಳಲ್ಲಿ ಅದು ಇಮ್ಮಡಿ ಮೀರಿತು. ಅಗ್ಗದ ಡಾಲರು ದೊರಕಿಸಿಕೊಳ್ಳಬಲ್ಲ ಪ್ರಭಾವಿಗಳು ಆ ಅಂತರವನ್ನೇ ಲಾಭವಾಗಿಸಿಕೊಂಡರು. ಲೈಸೆನ್ಸ್ ರಾಜ್ಯದ ದಿನಗಳನ್ನು ಕಂಡ ಹಿರಿಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಭಾಗ ತರಿಸಲಾಗದ ಸಣ್ಣ ಕಾರ್ಖಾನೆ ಬಾಗಿಲು ಹಾಕಿದರೆ, ಆ ಮಾರುಕಟ್ಟೆ ಅಧಿಕಾರಕ್ಕೆ ಹತ್ತಿರವಿರುವವರ ಪಾಲಾಗುತ್ತದೆ.

ಇರಾಕಿನ ಅನುಭವವೂ ಭಿನ್ನವಲ್ಲ. 1990ರ ಆಗಸ್ಟ್‌ನಿಂದ ವಿಶ್ವಸಂಸ್ಥೆ ಹೇರಿದ ದಿಗ್ಬಂಧನದ ಕಾಲದಲ್ಲಿ ಜನರು ಸರ್ಕಾರದ ಪಡಿತರವನ್ನೇ ನಂಬಿ ಬದುಕಬೇಕಾಯಿತು. ಹಿಟ್ಟು ಹಂಚುವ ಕೈ ಮತ್ತಷ್ಟು ಬಲಗೊಂಡಿತು. 5 ಲಕ್ಷ ಮಕ್ಕಳು ಸತ್ತರೆಂದು ಆಗ ಹಬ್ಬಿದ್ದ ಅಂಕಿಯನ್ನು ಮುಂದಿನ ಸಮೀಕ್ಷೆಗಳು ಸಮರ್ಥಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಜನರ ಬವಣೆ ಕಟ್ಟುಕಥೆಯಾಗಿರಲಿಲ್ಲ. ಅಲ್ಲಿನ ನೆರವು ಕಾರ್ಯದ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಹ್ಯಾನ್ಸ್ ವಾನ್ ಸ್ಪೊನೆಕ್ 2000ದಲ್ಲಿ ಈ ನೀತಿಯನ್ನು ವಿರೋಧಿಸಿಯೇ ಹುದ್ದೆ ತೊರೆದರು. ಸದ್ದಾಂ ಹುಸೇನ್ ಪದಚ್ಯುತನಾದದ್ದು 2003ರ ಯುದ್ಧದಿಂದ.

2025ರ ಸೆಪ್ಟೆಂಬರ್‌ನಲ್ಲಿ ಇರಾನಿನ ಮೇಲೆ ವಿಶ್ವಸಂಸ್ಥೆಯ ನಿರ್ಬಂಧಗಳೂ ಮರಳಿ ಬಂದವು. ಇಂಥ ದೇಶಗಳಿಗೆ ಮಾಲು ಕಳುಹಿಸುವ ವರ್ತಕರು ದರ ಕುದುರಿಸುವ ಮುನ್ನವೇ ಕೊಳ್ಳುವವರ ಮತ್ತು ಅವರ ಬ್ಯಾಂಕಿನ ಹೆಸರು ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧಿತರ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು; ಹಣ ಯಾವ ದಾರಿಯಲ್ಲಿ ಬರುತ್ತದೆಂಬುದನ್ನು ತಮ್ಮ ಬ್ಯಾಂಕಿನಿಂದ ಬರಹದಲ್ಲಿ ಪಡೆಯಬೇಕು. ವಿಮೆಯ ಪತ್ರ ಕೈಸೇರುವ ತನಕ ಮಾಲು ಬಂದರಿಗೆ ಹೊರಡದಿರುವುದೇ ಲೇಸು.